ಸಿಹಿನೀರಿಗೆ ಬಿದ್ದ ಕಡಲಹುಲ್ಲು

ಮೊನ್ನೆ ಕೆಟಲಿನ ತಳಕ್ಕೆ ಕಚ್ಚಿಕೊಂಡಿದ್ದ ಬಿಳಿ ಉಪ್ಪನ್ನು ಬಿಡಿಸಲು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಅರಸೀಕೆರೆ ಕಡೆಯವರಿಗೆ ಈ ಪದರ ಹೊಸದಲ್ಲ. ಬೋರ್‌ವೆಲ್ ನೀರು ಎಲ್ಲೆಲ್ಲಿ ಹರಿಯುತ್ತದೋ ಅಲ್ಲೆಲ್ಲ, ಕೊಡದ ಕಂಠಕ್ಕೆ, ನಲ್ಲಿಯ ಮೂತಿಗೆ, ಬಚ್ಚಲ ಗೋಡೆಗೆ ಅದು ಹಿಡಿದೇ ಇರುತ್ತದೆ. ಆದರೆ ಆವತ್ತು ಉಗುರಿನಿಂದ ಒಂದು ಚೂರು ಕೆರೆದೆನೋ ಇಲ್ಲವೋ, ಕೈ ನಿಂತುಹೋಯಿತು. ಇಂಥದೇ ಪದರ ಒಂದು ಗಾಜಿನ ತೊಟ್ಟಿಯ ಅಂಚಿನಲ್ಲಿ ಕೂತಿದ್ದದ್ದು ಕಣ್ಣಮುಂದೆ ಬಂತು. ಆ ತೊಟ್ಟಿ ನಮ್ಮ ಬಾಟನಿ ಮೇಡಂ ಅವರದು.

ನಾನು ಆಗ ಅರಸೀಕೆರೆಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಹಾರನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅವರು ವರ್ಗವಾಗಿ ಬಂದವರು, ಉತ್ತರ ಕನ್ನಡದ ಒಂದು ಅಳಿವೆಯ ಊರಿನವರು. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಜಾಗ ಎಂದು ಸ್ಟಾಫ್ ರೂಮಿಗೆಲ್ಲ ಹೇಳಿಕೊಟ್ಟವರೂ ಅವರೇ. ಬಂದ ಹೊಸದರಲ್ಲಿ ಮಾತಿಗೆ ಮುಂಚೆ ಸಮುದ್ರ ಸಮುದ್ರ ಎನ್ನುತ್ತಿದ್ದರು. ಹಳೇಬೀಡಿನ ಕೆರೆಗೆ ನಮ್ಮ ಹಿಂದಿನವರು ದೋರಸಮುದ್ರ ಅಂತ ಹೆಸರಿಟ್ಟಿದ್ದಾರೆ, ನಮಗೆ ಅಷ್ಟು ಸಮುದ್ರ ಸಾಕು ಎಂದು ನಾನು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು...

ಒಂದು ವರ್ಷ ಬೇಸಿಗೆ ರಜೆ ಮುಗಿಸಿ ಬಂದಾಗ ಬಸ್ಸಿನಿಂದ ಎರಡು ಕ್ಯಾನ್ ಸಮುದ್ರದ ನೀರು ಮತ್ತು ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಒಂದು ಡಬ್ಬಿ ಇಳಿಸಿದರು. ಡಬ್ಬಿಯೊಳಗೆ ಕೆಸರು. ಕೆಸರಿನ ಮೇಲೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಮೊಟ್ಟೆಯಾಕಾರದ ಎಲೆಗಳು. ನಾನು ಪಾಚಿ ಅಂದೆ. ಅವರಿಗೆ ಸಿಟ್ಟು ಬಂತು. ಪಾಚಿಗೆ ಬೇರಿಲ್ಲ, ಹೂವಿಲ್ಲ. ಇದು ಬೇರು ಬಿಟ್ಟು, ನೀರೊಳಗೇ ಹೂ ಬಿಟ್ಟು, ಕಾಯಿ ಕಟ್ಟುವ ನಿಜವಾದ ಗಿಡ, ಕಡಲಹುಲ್ಲು ಎಂದು ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಪಾಠ ಶುರು ಮಾಡಿದರು. ತಮಿಳುನಾಡಿನ ಕೊಲ್ಲಿಗಳಲ್ಲಿ, ಲಕ್ಷದ್ವೀಪದ ಸುತ್ತ ಇದು ಹುಲ್ಲುಗಾವಲಿನ ಹಾಗೆ ಹಬ್ಬಿರುತ್ತದಂತೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಮಾತ್ರ ಅಳಿವೆಗಳ ಬಾಯಲ್ಲಿ, ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಸಿಗಡಿ ಮರಿ, ಏಡಿ ಮರಿ, ಮೀನಿನ ಮರಿಗಳೆಲ್ಲ ಮೊದಲು ಅವಿತು ಬೆಳೆಯುವುದು ಇದರ ಬುಡದಲ್ಲೇ. ಅವರ ತಾಯಿ ನೀರಿಳಿದಾಗ ಇದರ ನಡುವೆ ಕೂತು ಚಿಪ್ಪು ಹೆಕ್ಕುತ್ತಿದ್ದರಂತೆ.

ಹೊತ್ತು ತಂದದ್ದಕ್ಕೆ ಕಾರಣವಿತ್ತು. ಅವರ ಊರಿನ ಅಳಿವೆಯಲ್ಲಿ ದೋಣಿಗಳು ನಿಲ್ಲಲು ಜೆಟ್ಟಿ ಕಟ್ಟುವ ಕೆಲಸ ಶುರುವಾಗಿತ್ತು. ಹೂಳೆತ್ತುವ ಯಂತ್ರ ಇಳಿದು ನೀರು ರಾಡಿಯಾಗಿತ್ತು. ಬಿಸಿಲು ತಳ ಮುಟ್ಟದಿದ್ದರೆ ಈ ಹುಲ್ಲು ಬದುಕುವುದಿಲ್ಲ. ಯಂತ್ರ ಹುಲ್ಲಿದ್ದ ದಡಕ್ಕೆ ಬರುವ ಮುಂಚೆ ಅವರು ಒಂದು ಬೊಗಸೆ ಕಿತ್ತು ತಂದಿದ್ದರು. ಕೆಲಸ ಮುಗಿದು ನೀರು ತಿಳಿಯಾಗುವ ತನಕ ಇದನ್ನು ಇಲ್ಲಿ ಬದುಕಿಸಬೇಕು, ಆಮೇಲೆ ಕೊಂಡುಹೋಗಿ ಅದೇ ಜಾಗದಲ್ಲಿ ನೆಡಬೇಕು. ಅವರಿಗಿದ್ದದ್ದು ಅದೊಂದೇ ಆಸೆ.

ಹೀಗೆ ಕಡಲಿನಿಂದ ಇಷ್ಟು ದೂರದ ಅರಸೀಕೆರೆಯಲ್ಲಿ, ಬಾಟನಿ ಲ್ಯಾಬಿನ ಕಿಟಕಿಯ ಪಕ್ಕ ಒಂದು ಪುಟ್ಟ ಸಮುದ್ರ ತಯಾರಾಯಿತು. ತಂದ ನೀರು ಮುಗಿದ ಮೇಲೆ ಹರಳುಪ್ಪು, ಇನ್ನೊಂದಷ್ಟು ಲವಣ ತೂಗಿ ಬೆರೆಸಿ ಉಪ್ಪುನೀರು ಮಾಡಿಕೊಡುವ ಹೊಣೆ ನನ್ನ ತಲೆಗೆ ಬಂತು. ಹುಡುಗರು ಅದಕ್ಕೆ ಮೇಡಂ ಉಪ್ಪಿನಕಾಯಿ ಅಂತ ಹೆಸರಿಟ್ಟರು. ಉಪ್ಪಿನಕಾಯಿ ಬದುಕಿತು! ಒಂದು ದಿನ ನಾನು ಕ್ಲಾಸಿನಲ್ಲಿದ್ದಾಗ ಅವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು. ಯಾರಿಗೇನಾಯಿತೋ ಎಂದು ಓಡಿದರೆ, ಹುಲ್ಲು ಎರಡು ಹೊಸ ಎಲೆ ಬಿಟ್ಟಿತ್ತು. ಅಷ್ಟಕ್ಕೇ ಆ ಹೆಂಗಸು ಸ್ಟಾಫ್ ರೂಮಿಗೆಲ್ಲ ಮೈಸೂರುಪಾಕು ಹಂಚಿದರು.

ತೊಟ್ಟಿಯ ನೀರು ಆರುತ್ತಿತ್ತು, ಉಪ್ಪು ಉಳಿಯುತ್ತಿತ್ತು. ಅದಕ್ಕೆ ಅವರು ಆಗಾಗ ಗಾಜಿನ ಮೇಲೆ ಎಳೆದ ಗೆರೆಯ ಮಟ್ಟಕ್ಕೆ ಒಂದು ಚೊಂಬು ಸಿಹಿನೀರು ಹಾಕುತ್ತಿದ್ದರು. ನಮ್ಮ ಲ್ಯಾಬ್ ಅಟೆಂಡರ್, ಜಾವಗಲ್ಲಿನ ಹಿರಿಯರೊಬ್ಬರು, ದಿನಾ ಅದನ್ನು ನೋಡುತ್ತಿದ್ದರು. ತೊಟ್ಟಿಯೊಳಗಿರುವುದು ಉಪ್ಪುನೀರು ಎಂದು ಮಾತ್ರ ನಾವ್ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಮೇಡಂ ಉತ್ತರಪತ್ರಿಕೆ ಮೌಲ್ಯಮಾಪನಕ್ಕೆ ಹೊರಟಾಗ, ಗೆರೆಗಿಂತ ಕೆಳಗಿಳಿದರೆ ಒಂದು ಚೊಂಬು ಸಿಹಿನೀರು ಹಾಕಿ ಎಂದು ಅವರಿಗೇ ಹೇಳಿ ಹೋದರು.

ಮೇಡಂ ವಾಪಸ್ ಬಂದ ದಿನ ನಾನೂ ಜೊತೆಗಿದ್ದೆ. ಲ್ಯಾಬಿನ ಬಾಗಿಲು ತೆಗೆದರೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅಂಚಿನ ಬಿಳಿ ಪದರ ಇರಲಿಲ್ಲ. ನೀರು ಗಾಜಿನಷ್ಟೇ ತಿಳಿಯಾಗಿತ್ತು. ಅಟೆಂಡರ್ ಕೈಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದರು.

"ಉಪ್ಪು ಹಿಡ್ಕಂಡಿತ್ತು ಮೇಡಮ್ಮೋರೆ. ಯಾರೋ ಬೋರ್ ನೀರು ಸುರ್ದವ್ರೆ. ಗಿಡ ಸುಟ್ಟೋಯ್ತದೆ ಅಂತ ಎಲ್ಲಾ ಉಜ್ಜಿ ತೊಳ್ದು, ಹೇಮಾವತಿ ನೀರು ತುಂಬ್ಸಿವ್ನಿ."

ಮೇಡಂ ತೊಟ್ಟಿಗೆ ಕೈ ಇಳಿಸಿದರು. ಎಲೆ ಬೆರಳಿಗೆ ತಾಗಿದ್ದೇ ಕರಗಿದಂತೆ ಬಿಡಿಸಿಕೊಂಡಿತು. ಬುಡ ಮುಟ್ಟಿ ನೋಡಿದರು, ಬೇರೂ ಕೊಳೆತಿತ್ತು. ಕೈ ನೀರಿನಲ್ಲೇ ಇಟ್ಟುಕೊಂಡು, ಅಷ್ಟು ನೀರು ಎಲ್ಲಿಂದ ತಂದಿರಿ ಎಂದು ಕೇಳಿದರು. ಆ ಬೇಸಿಗೆಯಲ್ಲಿ ಹೇಮಾವತಿ ನೀರು ನಲ್ಲಿಗೆ ಬರುತ್ತಿದ್ದದ್ದೇ ಅಪರೂಪ. ಅಟೆಂಡರ್ ಅರಸೀಕೆರೆಯ ತಮ್ಮ ಬಾಡಿಗೆ ಮನೆಯಲ್ಲಿ ಕುಡಿಯಲು ಹಿಡಿದಿಟ್ಟಿದ್ದ ನೀರನ್ನೇ ಕೊಡಗಳಲ್ಲಿ ಸೈಕಲ್ಲಿಗೆ ಕಟ್ಟಿಕೊಂಡು ತಂದಿದ್ದರು. ಮನೆಯವರು ಅಷ್ಟು ದಿನ ಬೋರ್ ನೀರನ್ನೇ ಕಾಯಿಸಿ ಕುಡಿದಿದ್ದರು.

ನನಗೆ ಮೈಯೆಲ್ಲ ಉರಿಯಿತು. ಕಡಲಿನ ಗಿಡವನ್ನು ಸಿಹಿನೀರು ಹಾಕಿ ಕೊಂದುಬಿಟ್ಟಿರಲ್ಲ ಎನ್ನಲು ಬಾಯಿ ತೆರೆದೆ. ಮೇಡಂ ಒದ್ದೆ ಕೈಯಿಂದಲೇ ನನ್ನ ಮುಂಗೈ ಹಿಡಿದರು. ಒಳ್ಳೆಯದು ಮಾಡಿದಿರಿ ಎಂದು ಅಟೆಂಡರಿಗೆ ಹೇಳಿ ಕಳಿಸಿದರು. ಅವರು ಹೋದ ಮೇಲೆ ಸ್ಟೂಲಿನ ಮೇಲೆ ಕೂತು ಅತ್ತರು, ಸದ್ದಿಲ್ಲದೆ.

ಮೇಡಂ ಊರಿಗೆ ಫೋನ್ ಮಾಡಿದರೆ, ಅಳಿವೆಯ ಆ ದಡದ ಮೇಲೆ ಎತ್ತಿದ ಹೂಳನ್ನೆಲ್ಲ ಸುರಿದಾಗಿದೆ, ಹುಲ್ಲಿನ ಒಂದೆಳೆಯೂ ಉಳಿದಿಲ್ಲ ಎಂದು ಅವರ ತಮ್ಮ ಹೇಳಿದರಂತೆ. ಬೇರೆ ಅಳಿವೆಯಿಂದ ತನ್ನಿ ಎಂದೆ ನಾನು, ಕೆಮಿಸ್ಟ್ರಿಯವಳ ಬುದ್ಧಿ. ತರಬಹುದು, ನೆಡೋದೆಲ್ಲಿ ಎಂದರು.

ಮುಂದಿನ ಭಾನುವಾರ ನನ್ನನ್ನು ಹಳೇಬೀಡಿಗೆ ಕರೆದುಕೊಂಡು ಹೋದರು. ದೇವಸ್ಥಾನದ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಕೆರೆಗೆ ಹೋಗಿ, ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗಿಳಿದು, ನೀರೊಳಗೆ ಬೆಳೆಯುವ ಒಂದು ಸಣ್ಣ ಕಳೆ ಕಿತ್ತರು. ಸೋಮವಾರ ಅದು ತೊಟ್ಟಿಯಲ್ಲಿತ್ತು, ಹೇಮಾವತಿ ನೀರಿನಲ್ಲಿ ಹಸಿರಾಗಿ ನಿಂತಿತ್ತು. ಎಲೆ ಬೇರೆ ಥರ ಇದೆಯಲ್ಲ ಎಂದು ಅಟೆಂಡರ್ ಕೇಳಿದ್ದಕ್ಕೆ, ನೀರು ಬದಲಾದರೆ ಎಲೆ ಬದಲಾಗುತ್ತದೆ ಎಂದರು. ಎಲೆಯ ಅಂಚು ತಪ್ಪು ಬರೆದರೆ ಹುಡುಗರ ರೆಕಾರ್ಡ್ ವಾಪಸ್ ಕೊಡುತ್ತಿದ್ದ ಬಾಟನಿ ಮೇಡಂ ಹಾಗೆಂದರು. ಹೊರಗೆ ಬಂದ ಮೇಲೆ ನಾನು ಕೇಳಿಯೇಬಿಟ್ಟೆ, ಯಾಕೆ ಈ ನಾಟಕ ಎಂದು.

"ಬಾಯಿಗೆ ಹಾಕೋ ನೀರು ತಂದು ಹೊಯ್ದಿದ್ದಾರೆ ಮಾರಾಯ್ತಿ. ಅದು ಬದುಕಿದೆ ಅಂತ ಒಬ್ಬರಾದ್ರೂ ಅಂದ್ಕೊಂಡಿರ್ಲಿ."

ಆಮೇಲೆ ಅವರು ಸಮುದ್ರದ ಮಾತು ಎತ್ತಿದ್ದು ನನಗೆ ನೆನಪಿಲ್ಲ. ಪಾಠದಲ್ಲಿ ಬಂದರೆ ಹೇಳಿ ಮುಗಿಸುತ್ತಿದ್ದರು, ಅಷ್ಟೆ... ನಿವೃತ್ತಿಯಾಗಿ ಊರಿಗೆ ಹೋದರು. ವರ್ಷಕ್ಕೊಮ್ಮೆ ಫೋನ್ ಮಾಡಿದರೆ ನೀರು ತಿಳಿಯಾಯಿತಾ ಎಂದು ನಾನು ಕೇಳುವುದು, ಇನ್ನೂ ಇಲ್ಲ ಎಂದು ಅವರು ಹೇಳುವುದು.

ಈ ವರ್ಷ ಅವರು ತೀರಿಹೋದರು. ಸುದ್ದಿ ತಡವಾಗಿ ತಿಳಿದು, ಅವರ ತಮ್ಮನ ಮನೆಗೆ ಹೋಗಿ ಮಾತಾಡಿಸಿ ಬಂದೆ. ಜೆಟ್ಟಿಯ ತನಕ ನಡೆದೆ. ನೀರು ಈಗಲೂ ಮಣ್ಣಿನ ಬಣ್ಣದ್ದು. ಬಲೆ ಬಿಡಿಸುತ್ತಿದ್ದ ಹೆಂಗಸೊಬ್ಬಳನ್ನು ಇಲ್ಲಿ ನೀರೊಳಗೆ ಹುಲ್ಲಿತ್ತಲ್ಲ ಎಂದು ಕೇಳಿದರೆ, ಯಾವ ಹುಲ್ಲು ಎಂದು ನನ್ನನ್ನೇ ಕೇಳಿದಳು.

ವಾಪಸ್ ಬಂದ ವಾರದಲ್ಲೇ ಜಾವಗಲ್ಲಿನಿಂದ ಅಟೆಂಡರ್ ಫೋನ್ ಮಾಡಿದರು. ತುಂಬ ವಯಸ್ಸಾಗಿದೆ, ಕಿವಿ ಮಂದ. ಮೇಡಂ ಇಲ್ಲವಾದ ಸುದ್ದಿ ಹೇಳಿದೆ. ಆಮೇಲೆ ಹುಲ್ಲಿನ ಸಮಾಚಾರ ವಿಚಾರಿಸಿದರು. ಅಟೆಂಡರ್ ನಿವೃತ್ತರಾದ ಮೇಲೆ ಲ್ಯಾಬಿಗೆ ಸುಣ್ಣಬಣ್ಣ ಮಾಡಿಸುವಾಗ ತೊಟ್ಟಿ ಒಡೆದು, ಕಳೆಯನ್ನು ತೆಂಗಿನ ಬುಡಕ್ಕೆ ಎಸೆದು ಎಷ್ಟೋ ವರ್ಷವಾಗಿದೆ. ಮೇಡಂ ಊರಿಗೆ ಹೋಗುವಾಗ ಕೊಂಡುಹೋಗಿ ಅಳಿವೆಯಲ್ಲಿ ನೆಟ್ಟರು ಎಂದೆ.

"ಬೇರು ಬುಡ್ತಾ?"

"ಬಿಡ್ತು."

"ಅವತ್ತು ನಾನು ನೀರು ಬದ್ಲಾಯಿಸ್ದೆ ಇದ್ದಿದ್ರೆ ಅದು ಉಳೀತಿರ್ಲಿಲ್ಲ ಕಣಮ್ಮ."

ಹೌದು ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಹೌದು ಎಂದೆ. ಫೋನ್ ಇಟ್ಟ ಮೇಲೆ, ಆ ಹುಲ್ಲು ಸತ್ತದ್ದು ಗೊತ್ತಿರುವವಳು ಈಗ ನಾನೊಬ್ಬಳೇ ಎಂದು ಹೊಳೆದು ಅಳು ಬಂತು.