ತೂಗುಸೀಮೆಗೆ ಶನಿವಾರದ ರೈಲು

ನಮ್ಮಪ್ಪನ ಬೆಲ್ಲದ ಮಂಡಿಯಲ್ಲಿ ದೊಡ್ಡದೊಂದು ತಕ್ಕಡಿ ಇತ್ತು. ತೊಲೆಗೆ ಬಿಗಿದ ಕಬ್ಬಿಣದ ದಂಡ, ಎರಡು ಕಡೆಗೂ ಸರಪಳಿ, ಸರಪಳಿಯ ತುದಿಗೆ ಮರದ ತಟ್ಟೆ. ಮಂಡಿ ಮೊಹಲ್ಲಾದ ಆ ಅಂಗಡಿಗೆ ಅಂಟಿಕೊಂಡೇ ಹಿಂದೆ ನಮ್ಮ ಮನೆ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಬಂದು, ಅಪ್ಪ ಊಟಕ್ಕೆ ಏಳುವುದನ್ನೇ ಕಾದಿದ್ದು, ನಾನೂ ಅಣ್ಣನೂ ಒಂದೊಂದು ತಟ್ಟೆಯಲ್ಲಿ ಕೂರುತ್ತಿದ್ದೆವು. ಅಣ್ಣ ನನಗಿಂತ ದೊಡ್ಡವನು. ಅವನ ತಟ್ಟೆ ನೆಲ ಮುಟ್ಟಿದರೆ ನನ್ನದು ಮೇಲೇರುತ್ತಿತ್ತು. ಅವನು ಕಾಲಿನಿಂದ ನೆಲ ಒದ್ದು ಇಬ್ಬರನ್ನೂ ತೂಗಿಸುತ್ತಿದ್ದ.

ಹಾಗೆ ತೂಗುತ್ತಾ ಕೂತಿದ್ದಾಗಲೇ ಅವನು ಒಂದು ದೇಶ ಕಟ್ಟಿದ್ದು. ಸ್ವಾತಂತ್ರ್ಯ ಬಂದ ಹೊಸತು. ಅಂಗಡಿಗೆ ಬಂದವರೆಲ್ಲ ದೇಶ, ದೇಶ ಎನ್ನುತ್ತಿದ್ದರು. ನಮಗೂ ಒಂದು ಬೇಕಿತ್ತು. ಅಣ್ಣ ಅದಕ್ಕೆ ತೂಗುಸೀಮೆ ಎಂದು ಹೆಸರಿಟ್ಟ.

ತೂಗುಸೀಮೆಯಲ್ಲಿ ಯಾವುದೂ ನೆಲಕ್ಕೆ ತಾಕುವಂತಿರಲಿಲ್ಲ. ಮೋಡದಿಂದ ಇಳಿಬಿದ್ದ ಬಿಳಲುಗಳಿಗೆ ಮನೆಗಳು ನೇತುಬಿದ್ದಿರುತ್ತಿದ್ದವು. ಗಾಳಿ ಬಂದರೆ ಬೀದಿಗೆ ಬೀದಿಯೇ ತೊಟ್ಟಿಲಾಡುತ್ತಿತ್ತು. ಅಲ್ಲಿಗೆ ಹೋಗಿಬರುವ ಕ್ರಮವೂ ಗೊತ್ತಾಗಿತ್ತು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮೈಸೂರು ಸ್ಟೇಷನ್ನಿನಲ್ಲೇ ರೈಲು ಹತ್ತಬೇಕು. ಬೇರೆಯವರ ಕಣ್ಣಿಗೆ ಆ ರೈಲು ಕಾಣುವುದಿಲ್ಲ. ಸಂಜೆಗೆ ಊರಬಾಗಿಲು. ಅಲ್ಲಿ ಕಾವಲಿನವನು ಟಿಕೆಟ್ ಕೇಳದೆ ತಕ್ಕಡಿಯಲ್ಲಿ ಕೂರಿಸುತ್ತಾನೆ. ಮನಸ್ಸಿನಲ್ಲಿ ಏನಾದರೂ ದುಃಖ ಇಟ್ಟುಕೊಂಡಿದ್ದರೆ ತೂಕ ಹೆಚ್ಚು ಬರುತ್ತದೆ. ಅದನ್ನು ಅವನ ಕಿವಿಯಲ್ಲಿ ಹೇಳಿ ಹಗುರಾದ ಮೇಲೆಯೇ ಒಳಗೆ. ರಾತ್ರಿ ಒಬ್ಬ ಅಜ್ಜಿಯ ಮನೆಯಲ್ಲಿ ಬಿಸಿ ಮುದ್ದೆ, ತೂಗುಮಂಚ. ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲಕ್ಕೆ ಹರಿಯುವ ಹೊಳೆಯಲ್ಲಿ ದೋಣಿ. ಮಧ್ಯಾಹ್ನ ಹಕ್ಕಿಗಳೇ ಅಂಗಡಿ ಇಟ್ಟುಕೊಂಡ ಸಂತೆ. ಅಲ್ಲಿ ಬೇಕಾದ ದನಿ ಕೊಂಡುಕೊಳ್ಳಬಹುದು.

ವಾಪಸ್ ಬರುವ ರೈಲನ್ನು ಮಾತ್ರ ನಾನು ಸೇರಿಸಿದ್ದು. "ಅವ್ವನ್ನ ಬುಟ್ಟು ನಾನು ಬರಲ್ಲ" ಎಂದು ಅತ್ತಿದ್ದೆ. ಅಣ್ಣ, "ಆಯ್ತು ಬುಡು ಕಣೇ, ಭಾನುವಾರ ಸಾಯಂಕಾಲ ಒಂದು ರೈಲು. ಅವ್ವ ದೀಪ ಹಚ್ಚೋಕೆ ಮುಂಚೆ ಮನೇಲಿರ್ತೀವಿ" ಎಂದ.

ಮಕ್ಕಳ ಆಟ. ನಾನು ಬೆಳೆದೆ, ಮರೆತೆ. ಅಣ್ಣ ಹೈಸ್ಕೂಲು ಮುಗಿಸಿ ಇಂಟರ್ಮೀಡಿಯೆಟ್ ಸೇರಿದ. ಹೊಲ ಬಿಟ್ಟು ಬಂದ ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ಅವನೇ ಮೊದಲು. ಅಪ್ಪ ಗಿರಾಕಿಗಳಿಗೆ ಬೆಲ್ಲದ ಅಚ್ಚು ಮುರಿದು ರುಚಿ ತೋರಿಸುತ್ತಾ ಬೇಕಿಲ್ಲದಿದ್ದರೂ ಅವನ ಕಾಲೇಜಿನ ಮಾತು ತೆಗೆಯುತ್ತಿದ್ದರು.

ಎರಡನೆಯ ವರ್ಷ ಅವನು ಮಾತು ಕಡಿಮೆ ಮಾಡಿದ. ತಟ್ಟೆಯ ಮುಂದೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದ. ಒಬ್ಬನೇ ಇದ್ದಾಗ ಯಾರಿಗೋ ಉತ್ತರ ಕೊಡುವವನ ಹಾಗೆ ತಲೆಯಾಡಿಸುತ್ತಿದ್ದ. "ಓದಿ ಓದಿ ಬಡವಾಗ್ಬುಟ್ಟವ್ನೆ" ಎಂದು ಅವ್ವ ಹರಳೆಣ್ಣೆ ತಟ್ಟಿ ತಲೆಗೆ ನೀರು ಹಾಕಿದಳು.

ಒಂದು ಶನಿವಾರ ಅವನು ಊಟಕ್ಕೆ ಬರಲಿಲ್ಲ. ಅಟ್ಟದ ಮೇಲಿದ್ದ ತಗಡಿನ ಟ್ರಂಕೂ ಇರಲಿಲ್ಲ. ಅಪ್ಪ ಬೀದಿ ಬೀದಿ ವಿಚಾರಿಸಿ ಬಂದು ಬೆವರು ಒರೆಸಿಕೊಳ್ಳುತ್ತಾ ನಿಂತರು. ನನಗೆ ಇದ್ದಕ್ಕಿದ್ದಂತೆ ಹೊಳೆಯಿತು.

"ಅಪ್ಪ, ಸ್ಟೇಷನ್ನಿಗೆ ಹೋಗಿರಬಹುದು."

"ಎಲ್ಲಿಗೆ ಓಗಕ್ಕೆ?"

ದಾರಿಯುದ್ದಕ್ಕೂ ನಾನು ತೂಗುಸೀಮೆಯನ್ನು ವಿವರಿಸಿದೆ. ಊರಬಾಗಿಲು, ಅಜ್ಜಿ, ಹೊಳೆ, ಸಂತೆ. ಅಪ್ಪ ನಡೆಯುತ್ತಲೇ ಕೇಳಿಸಿಕೊಂಡರು. ಪ್ಲಾಟ್‌ಫಾರಂ ಕೊನೆಯ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಒಗೆದು ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಕಾಲ ಬಳಿ ಟ್ರಂಕು.

ಅಪ್ಪ ಸಿಟ್ಟಿನ ಮನುಷ್ಯ. ಎಲ್ಲರ ಎದುರಿಗೇ ಹೊಡೆದುಬಿಡುತ್ತಾರೆ ಎಂದು ನಾನು ಹೆದರಿದ್ದೆ. ಅವರು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದಲ್ಲಿ ಕೂತರು.

"ರೈಲು ಇನ್ನೂ ಬರ್ನಿಲ್ವಾ ಮಗ?"

"ತಡ ಆಗಿದೆ ಅಪ್ಪ."

"ವಾಪಸ್ ಬರೋದು ಯಾವಾಗ?"

"ನಾಳೆ ಸಾಯಂಕಾಲ. ಅವ್ವ ದೀಪ ಹಚ್ಚೋಕೆ ಮುಂಚೆ."

"ಇವತ್ತು ಅದು ಬರೋ ಅಂಗೆ ಕಾಣ್ದು ಕಣಪ್ಪ. ಮುಂದಿನ ವಾರ ನಾನೂ ಬತ್ತೀನಿ, ಇಬ್ರೂ ಓಗವ. ಈಗ ಊಟ ಮಾಡೇಳು."

ಅಣ್ಣ ಹಳಿಯ ಕಡೆಗೊಮ್ಮೆ ನೋಡಿ ಎದ್ದ. ಟ್ರಂಕನ್ನು ಅಪ್ಪ ಹೊತ್ತರು.

ಆಮೇಲೆ ಅದೇ ವಾಡಿಕೆಯಾಯಿತು. ಶನಿವಾರ ಮಧ್ಯಾಹ್ನ ಅಪ್ಪ ಅಂಗಡಿಯ ಹಲಗೆ ಹಾಕಿ ಮಗನ ಜೊತೆ ಹೊರಡುತ್ತಿದ್ದರು. ಬೆಂಚಿನ ಮೇಲೆ ಇಬ್ಬರೂ ಕೂತು ಅರಸೀಕೆರೆಗೂ ಬೆಂಗಳೂರಿಗೂ ಹೋಗುವ ಬಂಡಿಗಳನ್ನು ನೋಡಿ, ಬಿಸಿಲು ಇಳಿದ ಮೇಲೆ ಬರುತ್ತಿದ್ದರು. ಮಂಡಿಯವರು ಮೊದಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಅವ್ವ ಚಾಮುಂಡಿಗೆ ಹರಕೆ ಹೊತ್ತಳು. ಎದುರುಮನೆಯ ಕಲಾಯಿ ಸಾಬರ ಹೆಂಡತಿ ದರ್ಗಾದಿಂದ ತಾಯಿತ ತಂದು ತಾನೇ ಅವನ ತೋಳಿಗೆ ಕಟ್ಟಿದಳು. ಅವನು ಮಗುವಿನ ಹಾಗೆ ತೋಳು ಚಾಚಿದ.

ಹೀಗೇ ನಡೆದುಕೊಂಡು ಹೋಗಿದ್ದರೆ ನಾವು ಹೇಗೋ ಬದುಕಿಬಿಡುತ್ತಿದ್ದೆವು. ಆದರೆ ಅವನು ಊಟವನ್ನೇ ಬಿಟ್ಟ. ಅವ್ವ ತುತ್ತು ಹಿಡಿದು ಗೋಗರೆದರೆ ತುಟಿ ಬಿಗಿಯುತ್ತಿದ್ದ. "ಬೇಡ ಕಣವ್ವ, ತೂಕ ಜಾಸ್ತಿ ಬಂದ್ರೆ ಬಾಗಿಲಲ್ಲಿ ಬಿಡಲ್ಲ." ಅವನ ಭುಜದ ಮೂಳೆಗಳು ಅಂಗಿಯನ್ನು ಎತ್ತಿ ಹಿಡಿದಂತೆ ಕಾಣತೊಡಗಿದವು. ನಮ್ಮ ಡಾಕ್ಟರು ಇನ್ನು ತಡಮಾಡಿದರೆ ಹುಡುಗ ಉಳಿಯುವುದಿಲ್ಲ, ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿ ಎಂದರು.

ಯಾವ ದಿನ ಹೋಗುವುದು ಎಂದು ಅವ್ವ ಕೇಳಿದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ, "ಶನಿವಾರ. ಇನ್ಯಾವತ್ತು ಕರೆದ್ರೂ ಅವ್ನು ಬರಕಿಲ್ಲ" ಎಂದರು.

ಆ ಶನಿವಾರ ನಾವೆಲ್ಲ ಸ್ಟೇಷನ್ನಿಗೆ ಹೋದೆವು. ಬಂಡಿ ಬಂದು ನಿಂತಿತು. ಅಪ್ಪ ಡಬ್ಬಿಯ ಬಾಗಿಲು ತೆಗೆದು, "ಹತ್ತಪ್ಪ, ಇದೇ" ಎಂದರು. ಅಣ್ಣನ ಮುಖ ಹೇಗಿತ್ತೆಂದು ನಾನು ಈಗಲೂ ಹೇಳಲಾರೆ. ಅಷ್ಟು ವಾರ ಕಾದವನ ಮುಖ ಅದು. ಕಿಟಕಿಯ ಪಕ್ಕ ಕೂತು, ಅವ್ವ ಕೊಟ್ಟ ಕೋಡುಬಳೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡ.

"ನಾಳೆ ಸಂಜೆ ಬಂದ್ಬುಡ್ತೀವಿ ಕಣವ್ವ. ಅಳಬೇಡ." ಆಮೇಲೆ ನನ್ನ ಕಡೆ ತಿರುಗಿದ. "ನೀನು ಬರಲ್ವೇನೇ?"

"ನಂಗೆ ಪರೀಕ್ಷೆ ಅಣ್ಣ."

"ಸರಿ, ಚೆನ್ನಾಗಿ ಓದು. ಸಂತೇಲಿ ನಿಂಗೆ ಒಂದು ಕೋಗಿಲೆ ದನಿ ತರ್ತೀನಿ."

ಮರುದಿನ ಸಂಜೆ, ಅವ್ವ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಾಗ, ಅಪ್ಪ ಒಬ್ಬರೇ ಬಂದರು. ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ಕಾಫಿ ಹಿಡಿದುಕೊಂಡು ಹೋದೆ. ಲೋಟ ಮುಟ್ಟದೆ ಹೇಳಿದರು: "ಒಳಕ್ಕೆ ಓಗ್ತಿದ್ದಂಗೇ ಅವ್ನನ್ನ ತೂಕ ಮಾಡುದ್ರು ಕಣವ್ವ. ಅಲ್ಲೊಂದು ಯಂತ್ರ ಇತ್ತು, ನಿಲ್ಲುಸ್ಬುಟ್ಟು ನೋಡುದ್ರು. ಅವ್ನು ನನ್ ಕಡೆ ತಿರುಗಿ, 'ಒಳಗೆ ಬಿಟ್ರು ಅಪ್ಪ' ಅಂದ. ನಗ್ತಾ ನಗ್ತಾ ಓದ."

ಅಪ್ಪ ಅಳುವುದನ್ನು ನಾನು ನೋಡಿದ್ದು ಅವತ್ತೇ.

ಮುಂದಿನ ಸಲ ನಾನೂ ಜೊತೆಗೆ ಹೋದೆ. ಅಲ್ಲಿನ ಡಾಕ್ಟರುಗಳು ಒಳ್ಳೆಯವರು. ತಲೆಗೆ ಕರೆಂಟು ಕೊಡುವ ಚಿಕಿತ್ಸೆ ನಡೆಯುತ್ತಿದೆ, ಊಟ ಮಾಡುತ್ತಿದ್ದಾನೆ ಎಂದು ಸಮಾಧಾನವಾಗಿ ತಿಳಿಸಿದರು. ಮರದ ಕೆಳಗೆ ಅಣ್ಣನನ್ನು ಕರೆತಂದರು. ತಲೆ ಬೋಳಿಸಿದ್ದರು. ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು. ಅಪ್ಪನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಇದು ಆ ಊರಲ್ಲ, ಅಲ್ವಾ ಅಪ್ಪ?"

ಅಪ್ಪ ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಅವನ ಮುಂದೆ ಇಟ್ಟರು. "ಅಲ್ಲ ಕಣಪ್ಪ" ಎಂದರು.

ಅವನು ಕೂಗಾಡಲಿಲ್ಲ, ಬೈಯಲಿಲ್ಲ. ಒಂದು ಹಣ್ಣು ಸುಲಿದು ತಿಂದ. ಸಿಪ್ಪೆಯನ್ನು ಎಲ್ಲಿ ಹಾಕುವುದು ಎಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡಿದ್ದ. ಅದನ್ನು ನಾನು ಈಸಿಕೊಂಡೆ.

ಅವನು ಮನೆಗೆ ಬರುವ ಹೊತ್ತಿಗೆ ನನ್ನ ಮದುವೆಯ ಮಾತುಕತೆ ನಡೆದಿತ್ತು. ದುಂಡಗಾಗಿದ್ದ, ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ, ಇಟ್ಟಿದ್ದನ್ನು ತಿನ್ನುತ್ತಿದ್ದ. ಅವ್ವ ಹರಕೆ ತೀರಿಸಿ ಬೀದಿಗೆಲ್ಲ ಪ್ರಸಾದ ಹಂಚಿದಳು. ನಾನು ಒಂದು ಮಧ್ಯಾಹ್ನ ತಡೆಯಲಾರದೆ, "ಅಣ್ಣ, ಬೆಟ್ಟದ ಮೇಲಕ್ಕೆ ಹರಿಯೋ ಹೊಳೆ ನೆನಪಿದೆಯಾ?" ಎಂದು ಕೇಳಿದೆ. ಅವನು ಕಷ್ಟಪಟ್ಟು ಹುಡುಕಿದ. ಹಣೆಯಲ್ಲಿ ಗೆರೆಗಳು ಮೂಡಿದವು.

"ಇಲ್ಲ ಕಣಮ್ಮ. ನೆನಪಾಗ್ತಿಲ್ಲ. ಬೇಜಾರು ಮಾಡ್ಕೋಬೇಡ."

ಕಾಲೇಜಿಗೆ ಅವನು ಮತ್ತೆ ಹೋಗಲಿಲ್ಲ. ಅಂಗಡಿಯಲ್ಲಿ ಕೂತು ಬೆಲ್ಲದ ಅಚ್ಚುಗಳನ್ನು ಕಬ್ಬಿನ ಸೋಗೆಯಲ್ಲಿ ಸುತ್ತುತ್ತಿದ್ದ. ನಾನು ಮದುವೆಯಾಗಿ ಊರಿನ ಇನ್ನೊಂದು ಕಡೆಗೆ ಹೋದೆ. ಒಮ್ಮೆ ತವರಿಗೆ ಬಂದಾಗ, ಶನಿವಾರವೋ ಏನೋ, ಅಂಗಡಿಯ ಕಡೆಯಿಂದ ಅಪ್ಪನ ದನಿ ಕೇಳಿ ಬಾಗಿಲಲ್ಲೇ ನಿಂತೆ. "ಅಲ್ಲೊಂದು ಅಜ್ಜಿ ಮನೆ ಅದೆ ಕಣಪ್ಪ. ಮುದ್ದೆ ಬಿಸಿಬಿಸಿ ಇಕ್ತಾಳೆ" ಎಂದು ಅಪ್ಪ ತಡವರಿಸುತ್ತಾ ಹೇಳುತ್ತಿದ್ದರು. ಕತೆ ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೊಳೆಯನ್ನು ಕೆರೆ ಮಾಡಿದ್ದರು. ಅಣ್ಣ ಸೋಗೆ ಸುತ್ತುವುದನ್ನು ನಿಲ್ಲಿಸಿ, "ಆಮೇಲೆ?" ಎಂದ. ನನಗೆ ಒಳಗೆ ಹೋಗಲಾಗಲಿಲ್ಲ.

ಅದಾದ ಕೆಲವು ವರ್ಷಕ್ಕೆ ಕಾಮಾಲೆ ಬಂದು ಅಣ್ಣ ಹೋಗಿಬಿಟ್ಟ. ಮೂವತ್ತು ತುಂಬಿರಲಿಲ್ಲ. ಅವ್ವ ಹಾಸಿಗೆ ಹಿಡಿದಳು. ಅಪ್ಪ ಎಂದಿನಂತೆ ಅಂಗಡಿ ತೆರೆದರು, ಮುಚ್ಚಿದರು. ಆಗೀಗ ನನ್ನ ಮನೆಗೆ ಬರುತ್ತಿದ್ದರು. ಪಾಂಡವಪುರದ ಬೆಲ್ಲ, ಮಳೆ, ನನ್ನ ಮಕ್ಕಳ ಓದು, ಇಷ್ಟೇ ಮಾತು. ಅಣ್ಣನ ವಿಷಯವನ್ನು ಅವರೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಒಂದು ದಿನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಅಪ್ಪ ಸಾರಿನಲ್ಲಿ ಬೆರಳು ಅದ್ದಿ ಹಾಗೇ ಕೂತರು.

"ಅವ್ನು ಇದಾದ್ರೆ ಇನ್ನೊಂದು ಮುದ್ದೆ ಇಕ್ಕುಸ್ಕತಿದ್ದ" ಎಂದರು.

ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಅವರು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಊಟ ಮಾಡಿ, ಕೈ ತೊಳೆದು, ರುಮಾಲು ಸುತ್ತಿಕೊಂಡು, ಬಿಸಿಲಿನಲ್ಲಿ ಹೊರಟರು.