ಅಮ್ಮ ಹೊಂದಿಸಿದ ಆಟಗಳು

ದ್ವಾರಕಾಕ್ಕೆ ಮೆಟ್ರೋ ಹೊಸದಾಗಿ ಬಂದಿದ್ದ ದಿನಗಳು ಅವು. ಚಳಿಗಾಲ ಬಂತೆಂದರೆ ಕಾಲೊನಿಯ ಹೆಂಗಸರೆಲ್ಲ ಛಾವಣಿಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಬಟಾಣಿ ಸುಲಿಯುತ್ತಿದ್ದರು, ಕಿತ್ತಳೆ ತೊಳೆಗೆ ಕಾಲಾ ನಮಕ್ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದರು. ದೆಹಲಿಯ ಛಾವಣಿಗಳ ಮೇಲೆ ಬೆಳೆದವರಿಗೆ ಆ ವಾಸನೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಕಿತ್ತಳೆ ಸಿಪ್ಪೆ, ಹುರಿದ ಕಡಲೆಕಾಯಿ, ಬಿಸಿಲಿಗೆ ಹರವಿದ ರಜಾಯಿ. ನಿಮಗೆಲ್ಲ ಅದು ಹಿತವಾದ ನೆನಪಾಗಿರಬಹುದು. ನನಗಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿದರೆ ನಾನು ಈಗಲೂ ಎದ್ದು ಹೋಗುತ್ತೇನೆ.

ಜನಕಪುರಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ ಸುಗುಣಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅಪ್ಪ ಓಖ್ಲಾದಲ್ಲಿ ಬಟ್ಟೆ ರಫ್ತು ಮಾಡುವ ಕಾರ್ಖಾನೆಯ ಸೂಪರ್‌ವೈಸರ್. ನನಗೆ ಹತ್ತು ವರ್ಷ. ಅಪ್ಪ ಮನೆಗೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ. "ಶಿಪ್‌ಮೆಂಟ್ ಇದೆ ಪುಟ್ಟಾ, ಅಲ್ಲೇ ಉಳ್ಕೋತಾರೆ" ಎನ್ನುತ್ತಿದ್ದಳು ಅಮ್ಮ. ನಾನೂ ಶಾಲೆಯಲ್ಲಿ ಶಿಪ್‌ಮೆಂಟ್, ಶಿಪ್‌ಮೆಂಟ್ ಎಂದು ಜಂಬ ಕೊಚ್ಚುತ್ತಿದ್ದೆ.

ನಮ್ಮಲ್ಲೊಂದು ಕನ್ನಡ ಕ್ರೈಸ್ತ ಸ್ತ್ರೀಯರ ಸಂಘವಿತ್ತು. ಇಪ್ಪತ್ತು, ಇಪ್ಪತ್ತೈದು ಜನ. ಭಾನುವಾರ ಹಿಂದಿ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಕೋಣೆಯಲ್ಲಿ ಸೇರಿ ಕನ್ನಡದಲ್ಲಿ ಕೀರ್ತನೆ ಹಾಡುವುದು, ಆಮೇಲೆ ಸಾಕೆನ್ನುವಷ್ಟು ಹರಟುವುದು. ವಾರವಿಡೀ ಕಚೇರಿಯಲ್ಲಿ "ಜೀ ಸರ್, ಜೀ ಸರ್" ಎಂದು ತಲೆ ತಗ್ಗಿಸಿಕೊಂಡಿರುತ್ತಿದ್ದ ಅಮ್ಮ ಬಾಯಿ ತುಂಬ ನಗುತ್ತಿದ್ದದ್ದು ಅಲ್ಲಿ ಮಾತ್ರ. ಸಂಘದ ಅಧ್ಯಕ್ಷೆ ಎಸ್ತೇರ್ ಆಂಟಿ ನಿವೃತ್ತ ಹೆಡ್‌ಮಿಸ್. ಆ ವರ್ಷ ಫೆಬ್ರವರಿಯಲ್ಲಿ ಒಂದು ದಿನದ ರಿಟ್ರೀಟ್ ಮಾಡುವುದೆಂದು ಅವರೇ ನಿರ್ಧರಿಸಿದರು, ದ್ವಾರಕಾದಲ್ಲಿ ಅವರಿದ್ದ ಸೊಸೈಟಿಯ ಹಾಲ್‌ನಲ್ಲಿ.

"ಬೆಳಗ್ಗೆ ವಾಕ್ಯ, ಪ್ರಾರ್ಥನೆ ನಾನು ನೋಡ್ಕೋತೀನಿ. ಆಟ ಪಾಟ ಎಲ್ಲಾ ನಿಂದು ಸುಗುಣಾ. ಒಬ್ಬರೂ ಮುಖ ಗಂಟು ಹಾಕ್ಕೊಂಡು ಕೂರಬಾರದು ನೋಡು" ಎಂದರು.

ಅಮ್ಮನಿಗೆ ಅಲ್ಲಿಯವರೆಗೆ ಯಾರೂ ಯಾವ ಜವಾಬ್ದಾರಿಯನ್ನೂ ಕೊಟ್ಟಿರಲಿಲ್ಲ. ಎರಡು ತಿಂಗಳು ಅವಳಿಗೆ ಅದೇ ಗುಂಗು. ರಜೆಯ ದಿನ ಕೆಳಮನೆಯ ಮರ್ಸಿ ಆಂಟಿಯನ್ನು ಛಾವಣಿಗೆ ಕರೆದು, ಕಿತ್ತಳೆ ಸುಲಿದು ತಿನ್ನುತ್ತ ಒಂದೊಂದೇ ಆಟವನ್ನು ಆಡಿಸಿ ನೋಡುತ್ತಿದ್ದಳು. ಹಳೇ ಪೇಪರಿನಲ್ಲಿ ನೋಹನ ನಾವೆ ಮಾಡುವ ಸ್ಪರ್ಧೆ. ಕೀರ್ತನೆಗಳ ಅಂತ್ಯಾಕ್ಷರಿ. ಬೈಬಲಿನ ಕಥೆಯನ್ನು ಮಾತಿಲ್ಲದೆ ನಟಿಸಿ ತೋರಿಸುವುದು.

"ಯೋನನ ಕಥೇಲಿ ಮೀನು ಯಾರಾಗ್ತಾರೆ?" ಎಂದು ಅಮ್ಮ ಕೇಳಿದರೆ, ನರ್ಸ್ ಆಗಿದ್ದ ಮರ್ಸಿ ಆಂಟಿ ಸೊಂಟದ ಮೇಲೆ ಕೈಯಿಟ್ಟು, "ನನ್ನ ಮೈ ನೋಡಿದ ಮೇಲೂ ಕೇಳ್ತೀಯಲ್ಲ ಸುಗುಣಾ, ನಾಚಿಕೆ ಆಗಲ್ವಾ?" ಎನ್ನುವರು. ಇಬ್ಬರೂ ಬಿದ್ದು ಬಿದ್ದು ನಗುವರು.

ಅಮ್ಮನಿಗೆ ತುಂಬ ಇಷ್ಟವಾಗಿದ್ದದ್ದು ಕೈಬರಹದ ಆಟ. ಸಂಘದವರು ಅಡುಗೆ, ಕೀರ್ತನೆ ಎಲ್ಲವನ್ನೂ ಬರೆದು ಬರೆದು ಒಬ್ಬರಿಗೊಬ್ಬರು ಕೊಡುತ್ತಿದ್ದರಾದ್ದರಿಂದ ಎಲ್ಲರ ಅಕ್ಷರವೂ ಎಲ್ಲರಿಗೂ ಗೊತ್ತಿತ್ತು. ಪ್ರತಿಯೊಬ್ಬರೂ ಬೈಬಲಿನ ಒಂದು ವಚನ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಚೀಟಿ ಎತ್ತಿ ಹಿಡಿದಾಗ ಅದು ಯಾರ ಅಕ್ಷರವೆಂದು ಮೊದಲು ಕೂಗಿದವರಿಗೆ ಬಹುಮಾನ. ಇನ್ನೊಂದು ಡಬ್ಬಿಯೂ ಇತ್ತು. ಅದಕ್ಕೆ ಅವರವರ ಮನಸ್ಸಿನ ಕೋರಿಕೆಯನ್ನು ಹೆಸರಿಲ್ಲದೆ ಬರೆದು ಹಾಕುವುದು, ಕೊನೆಗೆ ಎಲ್ಲರೂ ಆ ಡಬ್ಬಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಚೀಟಿಗಳನ್ನು ಬಿಚ್ಚದೆ ಸುಟ್ಟುಬಿಡುವುದು.

"ಇದನ್ನ ದೇವರು ಓದ್ಕೊಳ್ಳಲಿ. ನಾವ್ಯಾರೂ ಓದೋದು ಬೇಡ" ಎಂದಿದ್ದಳು ಅಮ್ಮ.

ನನಗೆ ಕನ್ನಡ ಕೇಳಿದರೆ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಹಿಂದಿ. ಸಂಜೆ ಕಚೇರಿಯಿಂದ ಬಂದು ಅಮ್ಮ ಸ್ಲೇಟಿನ ಮೇಲೆ ಅಕ್ಷರ ಬರೆದುಕೊಟ್ಟು ತಿದ್ದಿಸುತ್ತಿದ್ದಳು. ಅಕ್ಷರಗಳೇನೋ ಗೊತ್ತಾಗಿದ್ದವು, ಕೂಡಿಸಿ ಓದಲು ಒಂದು ಸಾಲಿಗೆ ಐದು ನಿಮಿಷ ಬೇಕಿತ್ತು.

ರಿಟ್ರೀಟ್ ದಿನ ಎಲ್ಲವೂ ಅಮ್ಮ ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಮರ್ಸಿ ಆಂಟಿ ಮೀನಾಗಿ ಯೋನನನ್ನು ನುಂಗಿ, ಸೆರಗಿನೊಳಗಿಂದ ಉಗುಳುವಷ್ಟರಲ್ಲಿ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. ಕೈಬರಹದ ಆಟಕ್ಕಂತೂ ಹಾಲ್ ಕಿತ್ತುಹೋಗುವಂಥ ಗಲಾಟೆ. ಅಮ್ಮ ಪಾಯಸ ಬಿಸಿ ಮಾಡಲು ಹಿಂದಿನ ಅಡುಗೆಕೋಣೆಗೆ ಹೋದಳು. ಅಷ್ಟರಲ್ಲಿ ಚೀಟಿಗಳು ಮುಗಿದವು. "ಇನ್ನೂ ಆಡೋಣ, ಇನ್ನೂ" ಎಂದು ಎಲ್ಲರೂ ಕೂಗಿದರು. ಎಸ್ತೇರ್ ಆಂಟಿ ಅತ್ತಿತ್ತ ನೋಡಿ ಇನ್ನೊಂದು ಡಬ್ಬಿ ಎತ್ತಿಕೊಂಡರು.

"ಅಕ್ಕಾ, ಅದು ಬೇಡ. ಅದು ಪ್ರಾರ್ಥನೇದು" ಎಂದರು ಮರ್ಸಿ ಆಂಟಿ.

"ಅಯ್ಯೋ, ಬರೀ ಅಕ್ಷರ ನೋಡೋದಮ್ಮ. ಒಳಗಿರೋದನ್ನ ಯಾರು ಓದ್ತಾರೆ? ಮಕ್ಕಳೂ ಹೇಳಬಹುದು, ಚಲೋ!"

ಅವರು ಒಂದು ಚೀಟಿ ಬಿಡಿಸಿ ನಮ್ಮ ಕಡೆಗೆ ಹಿಡಿದರು. ನಾನು ಜಮಖಾನೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತಿದ್ದೆ. ದುಂಡು ದುಂಡಗಿನ ಅಕ್ಷರ, ದಿನಾ ಸ್ಲೇಟಿನ ಮೇಲೆ ನಾನು ತಿದ್ದುತ್ತಿದ್ದ ಅದೇ ಅಕ್ಷರ. ಏನು ಬರೆದಿದೆ ಎಂದು ನೋಡುವ ಗೋಜಿಗೇ ಹೋಗಲಿಲ್ಲ. ಎದ್ದು ಕುಣಿದೆ.

"ಅಮ್ಮಂದು! ಯೇ ತೋ ಅಮ್ಮಂದು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಸ್ತೇರ್ ಆಂಟಿ ಚೀಟಿಯನ್ನು ತಿರುಗಿಸಿಕೊಂಡು ಓದಿದರು. ಅಥವಾ ಬಿಡಿಸುವಾಗಲೇ ಓದಿದ್ದರೋ ಏನೋ, ನನಗೆ ಆ ಅನುಮಾನ ಇವತ್ತಿಗೂ ಹೋಗಿಲ್ಲ. "ಅಯ್ಯೋ ಕರ್ತನೇ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ, "ಸಹೋದರಿಯರೇ, ಎಲ್ಲರೂ ಕಣ್ಮುಚ್ಚಿ. ಈಗಲೇ ಪ್ರಾರ್ಥಿಸೋಣ" ಎಂದರು.

"ಪ್ರೀತಿಯುಳ್ಳ ತಂದೆಯೇ, ನಿನ್ನ ಮಗಳಾದ ಸುಗುಣಾಳ ಕಣ್ಣೀರನ್ನು ನೋಡು. ದಾರಿ ತಪ್ಪಿರುವ ಅವಳ ಗಂಡನನ್ನು ಆ ಪರಸ್ತ್ರೀಯ ಮನೆಯಿಂದ ಬಿಡಿಸಿ ತಾ. ಅವನ ಕಣ್ಣು ತೆರೆ ಸ್ವಾಮೀ..."

"ಸ್ತೋತ್ರ, ಸ್ತೋತ್ರ" ಎಂದು ಸುತ್ತಲೂ ದನಿಗಳೆದ್ದವು.

ಗಾಸಿಪ್ ಮಾಡಿದ್ದರೆ ಯಾರಾದರೂ ಬಾಯಿ ಮುಚ್ಚಿಸಬಹುದಿತ್ತು. ಪ್ರಾರ್ಥನೆಯ ನಡುವೆ ಮಾತಾಡುವ ರೂಢಿ ನಮ್ಮಲ್ಲಿಲ್ಲ. ನಾನು ಕಣ್ಣು ಬಿಟ್ಟೆ. ಬಾಗಿಲಲ್ಲಿ ಅಮ್ಮ ಪಾಯಸದ ಪಾತ್ರೆ ಹಿಡಿದು ನಿಂತಿದ್ದಳು. ಅಷ್ಟು ಜನರಲ್ಲಿ ಕಣ್ಣು ತೆರೆದಿದ್ದವರು ನಾವಿಬ್ಬರೇ. ಅವಳು ನೋಡುತ್ತಿದ್ದದ್ದು ಎಸ್ತೇರ್ ಆಂಟಿಯನ್ನಲ್ಲ, ನನ್ನನ್ನು. ಪ್ರಾರ್ಥನೆ ಮುಗಿದಾಗ ಎಲ್ಲರ ಜೊತೆ ಅವಳೂ ಆಮೆನ್ ಎಂದಳು. ಆಮೇಲೆ ಒಬ್ಬರನ್ನೂ ಬಿಡದೆ ಪಾಯಸ ಬಡಿಸಿದಳು. ಬಡಿಸುತ್ತ ಹೋದಂತೆ ಒಬ್ಬೊಬ್ಬರೂ ಅವಳ ಕೈ ಒತ್ತಿದರು.

ನನಗೆ ಬಹುಮಾನವಾಗಿ ಪೆನ್ಸಿಲ್ ಡಬ್ಬಿ ಬಂತು. ಅದರ ಜೊತೆಗೆ ಚೀಟಿಯನ್ನೂ ಕೈಗಿಟ್ಟರು ಎಸ್ತೇರ್ ಆಂಟಿ, ಆ ಪುಣ್ಯಾತ್ಗಿತ್ತಿ, "ಅಮ್ಮನಿಗೆ ಕೊಡು ಮರಿ" ಎಂದು. ಮೆಟ್ರೋದಲ್ಲಿ ಅಮ್ಮನ ಪಕ್ಕ ಕೂತು ನಾನು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಅಪ್ಪ ವಾಪಸು ಬರಲಿ ಎಂದು ಅದರಲ್ಲಿ ಬರೆದೇ ಇರಲಿಲ್ಲ. 'ಅವರು ಅವಳ ಮನೆಯಿಂದ ಬರದಿದ್ದರೂ ಚಿಂತೆಯಿಲ್ಲ ದೇವರೇ. ಮಗುವಿಗೆ ಮಾತ್ರ ಗೊತ್ತಾಗದಿರಲಿ.'

"ಅಮ್ಮಾ, ಮಗು ಅಂದ್ರೆ... ನಾನಾ?"

ಅಮ್ಮ ಚೀಟಿ ಕಿತ್ತುಕೊಂಡಳು. ಸಣ್ಣ ಸಣ್ಣಗೆ ಹರಿದು ಪರ್ಸಿನೊಳಗೆ ಹಾಕಿಕೊಂಡಳು. "ಕೂಡಿಸಿ ಓದೋಕೆ ಬಂತಲ್ಲ ನಿಂಗೆ" ಎಂದಳು. ಅವತ್ತು ಸಂಜೆ ಅಮ್ಮ ಗೂಡಿನಿಂದ ಸ್ಲೇಟು ಇಳಿಸಲಿಲ್ಲ, ಆಮೇಲೆಂದೂ ಇಳಿಸಲಿಲ್ಲ.

ಅಮ್ಮ ಸಂಘಕ್ಕೆ ಹೋಗುವುದನ್ನು ಬಿಟ್ಟಳು. "ನಿನಗೋಸ್ಕರ ಪ್ರಾರ್ಥಿಸ್ತಾನೇ ಇದ್ದೀವಿ" ಎಂದು ಫೋನ್‌ಗಳು ಬಂದವು. ಕೆಳಮನೆಯ ಮರ್ಸಿ ಆಂಟಿ ಮೆಟ್ಟಿಲ ಮೇಲೆ ಸಿಕ್ಕರೂ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದರು, ತಪ್ಪು ತಮ್ಮದೇ ಎನ್ನುವ ಹಾಗೆ. ಎರಡು ವರ್ಷದ ಮೇಲೆ ಕಾರ್ಖಾನೆ ಮುಚ್ಚಿತು. ಅಪ್ಪ ಎರಡು ಸೂಟ್‌ಕೇಸ್ ಹಿಡಿದುಕೊಂಡು ಮನೆಗೆ ಬಂದರು, ಬೇರೆಲ್ಲೂ ಅವರನ್ನು ಇಟ್ಟುಕೊಳ್ಳುವವರಿರಲಿಲ್ಲ. ಎಸ್ತೇರ್ ಆಂಟಿ ಅದನ್ನು ಸಭೆಯಲ್ಲಿ ಎದ್ದು ನಿಂತು ಸಾಕ್ಷಿಯಾಗಿ ಹೇಳಿದರಂತೆ, ನಮ್ಮ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು. ಅಮ್ಮ ಅದನ್ನು ಕೇಳಿ ಬೇಳೆಗೆ ಒಗ್ಗರಣೆ ಹಾಕಿದಳು. ಅಪ್ಪನಿಗೆ ತಟ್ಟೆ ಇಟ್ಟಳು, ಕಾಯಿಲೆ ಬಿದ್ದಾಗ ಔಷಧಿ ಕೊಟ್ಟಳು, ಮಾತು ಮಾತ್ರ ಅಗತ್ಯವಿದ್ದಷ್ಟೇ. ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಇನ್ನು ನೋಡುವಂತೆಯೂ ಇಲ್ಲ, ಅಮ್ಮ ಹೋಗಿ ನಾಲ್ಕು ವರ್ಷವಾಯಿತು.

ಆ ಹೆಂಗಸರಲ್ಲಿ ಕೆಲವರು ಈಗಲೂ ಹಬ್ಬಕ್ಕೆ ಮೆಸೇಜ್ ಕಳಿಸುತ್ತಾರೆ. ಎಂಥ ಒಳ್ಳೇ ದಿನಗಳಮ್ಮ ಅವು, ನಿಮ್ಮಮ್ಮ ಆಡಿಸಿದ ಆಟಗಳನ್ನು ಮರೆಯೋಕಾಗುತ್ತಾ ಎಂದು. ನಾನು ಉತ್ತರ ಬರೆಯುವುದಿಲ್ಲ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಹಟ ಹಿಡಿದು ಕನ್ನಡ ಕಲಿತೆ. ಈಗ ಎಂಥ ಬರಹವನ್ನಾದರೂ ಒಂದೇ ಉಸಿರಿಗೆ ಓದಿಬಿಡುತ್ತೇನೆ. ಅವತ್ತು ಆ ಎರಡು ಸಾಲನ್ನು ಹೀಗೆ ಒಂದೇ ನೋಟಕ್ಕೆ ಓದಲು ಬಂದಿದ್ದರೆ ಸಾಕಿತ್ತು, ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ.