ಮೇಷ್ಟ್ರ ಕಡೆಯ ಹಿರಿಯರು

ಮೊನ್ನೆ ಕಟಿಂಗ್ ಅಂಗಡಿಯಲ್ಲಿ ಸರತಿಗಾಗಿ ಕಾಯುತ್ತ, ಅಲ್ಲಿದ್ದ ಹಳೆಯ ವಾರಪತ್ರಿಕೆಯಲ್ಲಿ ಕಳೆದ ವರ್ಷದ ನನ್ನ ರಾಶಿಫಲವನ್ನು ಶ್ರದ್ಧೆಯಿಂದ ಓದುತ್ತಿದ್ದೆ. ಕತ್ತರಿ ಹಿಡಿದ ಯುವಕ ನನಗಿಂತ ಮೊದಲು ಬಂದು ಕುಳಿತಿದ್ದವರಿಗೆ, "ಹಿರಿಯರಿದಾರೆ, ಅವರದ್ದು ಮೊದಲು ಮುಗಿಸಿಬಿಡ್ತೀನಿ" ಎಂದ. ಆ ಹಿರಿಯರು ಯಾರಿರಬಹುದೆಂದು ಗೌರವಪೂರ್ವಕವಾಗಿಯೇ ಹಿಂತಿರುಗಿ ನೋಡಿದೆ, ಹಿಂದೆ ಗೋಡೆಯಿತ್ತು. ತಲೆಯ ಮೇಲೆ ಉಳಿದಿರುವ ಕೆಲವೇ ಕೂದಲುಗಳೂ ಒಂದೊಂದಾಗಿ ಬಿಳಿಯ ಪಕ್ಷಕ್ಕೆ ಸೇರಿಕೊಳ್ಳುತ್ತಿರುವುದರಿಂದ, ಆ ಪದವಿಯನ್ನು ನಿರಾಕರಿಸಲು ನನ್ನ ಬಳಿ ಯಾವ ಸಾಕ್ಷ್ಯವೂ ಇರಲಿಲ್ಲ. ಹೋಗಿ ಕುರ್ಚಿಯಲ್ಲಿ ಕುಳಿತೆ.

ಓದುಗ ಮಿತ್ರರೇ, ಹಿರಿಯನೆಂದು ಕರೆದದ್ದಕ್ಕೆ ನನಗೆ ಬೇಸರವಾಯಿತೆಂದು ನೀವು ಭಾವಿಸಬೇಡಿ. ಬೇಸರವಾದದ್ದು ಇಷ್ಟು ತಡವಾಗಿ ಕರೆದದ್ದಕ್ಕೆ. ಯಾಕೆಂದರೆ ನಾನು ಹಿರಿಯನಾಗಿ ಕಾರ್ಯನಿರ್ವಹಿಸಿದ್ದು ತೊಂಬತ್ತರ ದಶಕದಲ್ಲಿ, ಬಿ.ಎ. ಓದುತ್ತಿದ್ದಾಗ, ಮೀಸೆಯೆಂಬುದು ಮೂಗಿನ ಕೆಳಗೆ ಒಂದು ಅನುಮಾನದ ರೂಪದಲ್ಲಿ ಮಾತ್ರ ಇದ್ದಾಗ. ಅದೂ ಯಾರಿಗೆ ಹಿರಿಯ? ನನಗೆ ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರಿಗೇ.

ನಾನು ಸೊರಬದ ಕಡೆಯ ಜಡೆ ಎಂಬ ಊರಿನ ಹುಡುಗ. ಶಿಕಾರಿಪುರದ ಕಾಲೇಜಿಗೆ ಸೇರಿ, ಬಸ್ ನಿಲ್ದಾಣದ ಹಿಂದಿನ ಕೇರಿಯಲ್ಲೊಂದು ಕೋಣೆ ಹಿಡಿದಿದ್ದೆ. ಅಂಜನಾಪುರದಿಂದ ದಿನವೂ ಸೈಕಲ್ ತುಳಿದು ಬರುತ್ತಿದ್ದ ಬಸವರಾಜನೆಂಬ ಸಹಪಾಠಿ, ಮನೆಯಲ್ಲಿರುವುದಕ್ಕಿಂತ ಹೆಚ್ಚಾಗಿ ನನ್ನ ಕೋಣೆಯಲ್ಲೇ ಇರುತ್ತಿದ್ದ. ಎದುರುಮನೆಗೆ ಬಾಡಿಗೆಗೆ ಬಂದವರು ನಮ್ಮ ಇತಿಹಾಸದ ಉಪನ್ಯಾಸಕರಾದ ಪ್ರಭುಸ್ವಾಮಿ ಮೇಷ್ಟ್ರು. ಚಾಮರಾಜನಗರದ ಕಡೆಯವರು, ಅವಿವಾಹಿತರು, ಮತ್ತು ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳಬಲ್ಲೆವೆಂಬ ಭ್ರಮೆಯಲ್ಲಿದ್ದವರು. ಅವರ ಸಾಂಬಾರಿನ ವಾಸನೆ ಬೀದಿ ದಾಟಿ ಬಂದ ದಿನ ಬಸವರಾಜ ತನ್ನ ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಅವರನ್ನು ಕಾಪಾಡುತ್ತಿದ್ದ. ಹೀಗೆ ಗುರುಶಿಷ್ಯರ ಪವಿತ್ರ ಸಂಬಂಧ ನಮ್ಮಲ್ಲಿ ಚಟ್ನಿಪುಡಿಯಿಂದ ಆರಂಭವಾಯಿತು.

ಮೇಷ್ಟ್ರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಭಾನುವಾರ ಬಂತೆಂದರೆ ನಮ್ಮಿಬ್ಬರನ್ನೂ ಹಳೆಯ ಗುಡಿಗಳ ಊರಾದ ಬಂದಳಿಕೆಗೆ ಎಬ್ಬಿಸಿಕೊಂಡು ಹೋಗಿ, ಶಾಸನದ ಕಲ್ಲುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂರಿಸಿ, ಸವೆದ ಅಕ್ಷರಗಳು ಎದ್ದು ಕಾಣುವಂತೆ ಅವುಗಳ ಮೇಲೆ ಹಿಟ್ಟು ಸವರಿಸಿ ಓದಿಸುತ್ತಿದ್ದರು. ನಾವು ಏನಾದರೂ ಅಸಂಬದ್ಧ ಓದಿದರೆ ಬೈಯುತ್ತಿರಲಿಲ್ಲ. ಹಾಗೆ ಯಾಕೆ ಅನ್ನಿಸಿತು ಎಂದು ಕೇಳಿ, ಉತ್ತರಕ್ಕಾಗಿ ನಿಜವಾಗಿಯೂ ಕಾಯುತ್ತಿದ್ದರು. ಅದು ನಮಗೆ ಹೊಸದು. ಅಲ್ಲಿಯವರೆಗೆ ನಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದರೆ ಅದು ಪಲ್ಯಕ್ಕೆ ಉಪ್ಪು ಸಾಕಾಯಿತೇ ಎಂಬ ಬಗ್ಗೆ ಮಾತ್ರ. ನನ್ನ ಪೆದ್ದು ತರ್ಕವನ್ನು ಒಬ್ಬ ಓದಿದ ಮನುಷ್ಯ ತಲೆಬಾಗಿಸಿ ಕೇಳುತ್ತಿದ್ದುದನ್ನು ನೆನೆದರೆ ನನಗೆ ಈಗಲೂ ಅವರ ಮೇಲೆ ಪ್ರೀತಿ ಉಕ್ಕುತ್ತದೆ. ನಾನು ಏನಾದರೂ ಯೋಚಿಸಬಲ್ಲೆನೆಂದು ನನಗಿಂತ ಮೊದಲೇ ನಂಬಿದವರು ಅವರು.

ಅಂಥವರು ನಾವು ಎರಡನೆಯ ವರ್ಷದಲ್ಲಿದ್ದಾಗ ಮೈಸೂರಿಗೆ ವರ್ಗಾವಣೆ ಕೇಳಿದ್ದಾರೆಂಬ ಸುದ್ದಿ ಬಂತು. ತಾಯಿಗೆ ವಯಸ್ಸಾಗಿದೆ, ಊರಿಗೆ ಹತ್ತಿರವಾಗುತ್ತದೆ ಎಂಬ ಕಾರಣ ನ್ಯಾಯವಾಗಿಯೇ ಇತ್ತು. ಆದರೆ ಅವರು ಹೋದರೆ ಅಂತಿಮ ವರ್ಷದಲ್ಲಿ ನಮ್ಮ ಗತಿ? ಬಸವರಾಜ ಎರಡು ದಿನ ರೊಟ್ಟಿ ಮುರಿಯುತ್ತ ಯೋಚಿಸಿ, ಮೂರನೆಯ ದಿನ ಪರಿಹಾರ ಕಂಡುಹಿಡಿದ.

"ಈ ಕಡೆ ಹುಡ್ಗಿನ ನೋಡಿ ಮದ್ವಿ ಮಾಡಿಬಿಡಾಣ. ಮಾವನ ಮನಿ ಇಲ್ಲೇ ಆದ್ಮ್ಯಾಲೆ ಸಾರ್ ಎಲ್ಲಿಗೆ ಹೋಗ್ತಾರ?"

ವಿವಾಹ ಸಂಸ್ಥೆಯ ಕುರಿತು ಇಷ್ಟು ಸರಳವಾದ ವ್ಯಾಖ್ಯಾನವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಸೊರಬದಲ್ಲಿದ್ದ ನನ್ನ ಚಿಕ್ಕಮ್ಮನ ಕಿವಿಗೆ ವಿಷಯ ಹಾಕಿದೆ. ಚಿಕ್ಕಮ್ಮನ ಪಕ್ಕದ ಮನೆಯಲ್ಲಿ, ನನ್ನನ್ನು ಎಂದೂ ನೋಡಿರದ ಬಟ್ಟೆ ವ್ಯಾಪಾರಿ ಮಹಾಲಿಂಗಪ್ಪನವರಿದ್ದರು, ಅವರಿಗೆ ಬಿ.ಎಸ್ಸಿ. ಮುಗಿಸಿದ ಗಿರಿಜಾ ಎಂಬ ಮಗಳಿದ್ದಳು. ಮೇಷ್ಟ್ರಿಗೆ ನಾವು ಹೇಳಿದ್ದು ಬೇರೆ ರೀತಿ: ಅವರ ಊಟದ ಚಿಂತೆಯಲ್ಲಿ ನಮಗೆ ಓದಲಾಗುತ್ತಿಲ್ಲವೆಂದೆವು. ಅವರು ಕಿವಿಯವರೆಗೂ ಕೆಂಪಾಗಿ, "ಅಮ್ಮನೂ ಬಹಳ ದಿನದಿಂದ ಹೇಳ್ತಾ ಇದಾರೆ ಕಣ್ರೋ" ಎಂದು ಒಪ್ಪಿದರು. ತಾಯಿಗೆ ಅಷ್ಟು ದೂರದ ಪ್ರಯಾಣ ಆಗದೆಂದು, ಎಸ್‌ಟಿಡಿ ಬೂತಿನಿಂದ ಮಾತಾಡಿ ಸೋದರಮಾವನನ್ನು ಕರೆಸಿಕೊಳ್ಳುವುದೆಂದಾಯಿತು.

ಸೋದರಮಾವ ಹಿಂದಿನ ಸಂಜೆಯೇ ಬಂದಿಳಿದರು. ತುಂಬು ಮೀಸೆ, ಗತ್ತಿನ ನಡಿಗೆ, ಹಿರಿಯರೆಂದರೆ ಹೀಗಿರಬೇಕು. ಇಂಥ ಅತಿಥಿಗೆ ಉಪಚಾರ ಮಾಡದಿದ್ದರೆ ಶಿಕಾರಿಪುರದ ಮರ್ಯಾದೆ ಏನಾಗಬೇಕೆಂದು ನಾವು ಅವರನ್ನು ಬಸ್ ನಿಲ್ದಾಣದ ತಿಂಡಿಗಾಡಿಗೆ ಕರೆದೊಯ್ದು ಮಂಡಕ್ಕಿ, ಮಿರ್ಚಿ ಬಜ್ಜಿ ಕೊಡಿಸಿದೆವು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಆ ಪುಣ್ಯಾತ್ಮರು ಇನ್ನೊಂದು, ಮತ್ತೊಂದು ಎಂದು ತರಿಸಿಕೊಂಡು ತಿಂದರು. ಬೆಳಗಾಗುವಷ್ಟರಲ್ಲಿ, ದಕ್ಷಿಣದ ಆ ಸಾತ್ವಿಕ ಉದರ ನಮ್ಮ ಸೀಮೆಯ ಮಿರ್ಚಿಯ ಮುಂದೆ ಶರಣಾಗಿತ್ತು. ಬಚ್ಚಲಿಗೂ ಹಾಸಿಗೆಗೂ ನಡುವೆ ಓಡಾಡುತ್ತಲೇ ಅವರು ಅಪ್ಪಣೆ ಕೊಡಿಸಿದರು: "ನನ್ ಕೈಲಾಗಕಿಲ್ಲ ಕನಪ್ಪ. ನನ್ ಬದ್ಲು ನೀವೇ ಹಿರೀಕ್ರಾಗಿ ಹೋಗ್ಬುಟ್ಟು ಬನ್ನಿ."

ಹೀಗೆ ಅಧಿಕಾರ ಹಸ್ತಾಂತರವಾಯಿತು. ಬಸವರಾಜ ಅಂಜನಾಪುರಕ್ಕೆ ಸೈಕಲ್ ಓಡಿಸಿ ಅಪ್ಪನ ಬಿಳಿ ಪಂಚೆ, ಹೆಗಲ ಮೇಲಿನ ಟವೆಲ್ ತಂದ. ಮೈಕಟ್ಟು ದೊಡ್ಡದಾದ್ದರಿಂದ ಅವನಿಗೆ ಒಪ್ಪಿತು. ನನ್ನ ಮುಖಕ್ಕೆ ಗಾಂಭೀರ್ಯ ಸಾಲದೆಂದು ಸೋದರಮಾವನ ಓದುವ ಕನ್ನಡಕವನ್ನೇ ನನಗೆ ತೊಡಿಸಲಾಯಿತು. ಪರಿಣಾಮವಾಗಿ, ಹೆಣ್ಣು ನೋಡಲು ಹೊರಟ ತಂಡದಲ್ಲಿ ಏನೂ ಕಾಣದಿದ್ದವನು ನಾನೊಬ್ಬನೇ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ನಾವು ಮೇಷ್ಟ್ರಿಗೆ ಕಟ್ಟುನಿಟ್ಟಾಗಿ ಹೇಳಿದೆವು: ಅಲ್ಲಿ ಶಾಸನದ ಮಾತು ಎತ್ತಕೂಡದು. ಅವರು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದರು.

ಮಹಾಲಿಂಗಪ್ಪನವರು ಮಿತಭಾಷಿ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ, ಬಸವರಾಜನನ್ನು ಮೇಲಿನಿಂದ ಕೆಳಗೆ ನೋಡಿ, "ತಾವು ಹುಡುಗನಿಗೆ ಏನಾಗಬೇಕ್ರೀ?" ಎಂದು ಕೇಳಿದರು.

"ಕಡೇರು" ಎಂದ ಬಸವರಾಜ, ದನಿ ದಪ್ಪ ಮಾಡಿ.

"ಯಾವ ಕಡೇರು?"

"ಸಾರ್... ಅಂದ್ರ, ಹುಡುಗನ ಕಡೇರ್ರೀ."

ಆ ಹೊತ್ತಿಗೆ ಮೇಷ್ಟ್ರು ಕೈತೊಳೆಯಲೆಂದು ಹಿತ್ತಿಲಿಗೆ ಹೋದವರು ಬರಲೇ ಇಲ್ಲ. ಹಾಲಿನ ಲೋಟಗಳು ಬಂದವು, ಅವಲಕ್ಕಿ ಬಂತು, ಕೇಸರಿಬಾತ್ ಬಂತು, ವರ ಮಾತ್ರ ಇಲ್ಲ. ಎಲ್ಲರೂ ಎದ್ದು ಹೋಗಿ ನೋಡಿದರೆ, ಮೇಷ್ಟ್ರು ಹೊಸ ಪ್ಯಾಂಟಿನಲ್ಲಿ ನೆಲಕ್ಕೆ ಮಂಡಿಯೂರಿ, ಆ ಮನೆಯವರು ತಲೆಮಾರುಗಳಿಂದ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಬದಿಯನ್ನು ಬೆರಳಿನಿಂದ ತಡವುತ್ತಿದ್ದರು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ, ಯುದ್ಧದಲ್ಲಿ ಸತ್ತವನ ನೆನಪಿಗೆ ನೆಟ್ಟ ಕಲ್ಲು ಕಾಲಾಂತರದಲ್ಲಿ ಯಾರದೋ ಹಿತ್ತಿಲು ಸೇರುವುದೂ ಹೊಸದಲ್ಲ. ಆದರೆ ಅದನ್ನು ವಧುಪರೀಕ್ಷೆಯ ದಿನವೇ ಕಂಡುಹಿಡಿಯುವ ವರ ಹೊಸಬ.

"ಒಂದು ಹಿಡಿ ಹಿಟ್ಟು ಸಿಗುತ್ತಾ?" ಎಂದು ಅವರು ತಲೆಯೆತ್ತದೆ ಕೇಳಿದರು.

ಹಿಟ್ಟು ಬಂತು. ಮುಂದಿನದು ನಮ್ಮ ಕೈಯಲ್ಲಿರಲಿಲ್ಲ. "ಬಸವರಾಜ, ನೀರು ಹಾಕಿ ಉಜ್ಜು. ಮೇಲಿನ ಸಾಲು ನೀನು ಓದು" ಎಂಬ ಆ ಪರಿಚಿತ ಸ್ವರ ಕೇಳಿದ್ದೇ, ವರನ ಕಡೆಯ ಆ ಹಿರಿಯನು ಪಂಚೆಯನ್ನು ಮೇಲೆ ಕಟ್ಟಿ "ಆಯ್ತು ಸಾರ್" ಎಂದು ಕುಕ್ಕರಗಾಲಿನಲ್ಲಿ ಕೂತ. ನಾನೂ ಕನ್ನಡಕವನ್ನು ಕಿತ್ತು ಜೇಬಿಗಿಟ್ಟು ಅವನ ಪಕ್ಕದಲ್ಲಿ ಕೂತೆ. ಒಂದು ಅಕ್ಷರದ ಬಗ್ಗೆ ನಮ್ಮ ಮೂವರಲ್ಲಿ ವಾದವೂ ನಡೆಯಿತು. ನಾನು 'ಮ' ಎಂದೆ, ಬಸವರಾಜ 'ವ' ಎಂದ. ಹಿಂದಿನಿಂದ ಯಾರೋ ನಕ್ಕ ಸದ್ದಾದಾಗಲೇ ನಮಗೆ ಪ್ರಜ್ಞೆ ಬಂದದ್ದು. ರೇಷ್ಮೆ ಸೀರೆಯುಟ್ಟು, ಹಿಟ್ಟಿನ ಡಬ್ಬಿ ಹಿಡಿದು ಗಿರಿಜಾ ನಿಂತಿದ್ದಳು. ಕನ್ನಡಕ ತೆಗೆದದ್ದರಿಂದ ನನಗೆ ಅವಳು ಸ್ಪಷ್ಟವಾಗಿ ಕಂಡಳು.

"ಇವರು ಹಿರಿಯರೇನ್ರೀ, ಹುಡುಗರೇನ್ರೀ?" ಎಂದರು ಮಹಾಲಿಂಗಪ್ಪನವರು.

ಮೇಷ್ಟ್ರು ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ಸೋದರಮಾವನ ಹೊಟ್ಟೆಯ ಸಮಾಚಾರ ಸಮೇತ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು. ಎಲ್ಲ ಮುಗಿಯಿತೆಂದುಕೊಂಡು ನಾನು ಕೇಸರಿಬಾತಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಆದರೆ ಗಿರಿಜಾ, "ಅಪ್ಪಾಜಿ, ಇವರ ಹತ್ರಾನೇ ಕೇಳಬೇಕು. ಹೆಣ್ಣು ನೋಡಕ್ಕೆ ಬಂದಾಗ ಎಲ್ಲರೂ ಒಳ್ಳೆಯವರೇ ಇರ್ತಾರೆ. ಇವರು ದಿನಾ ನೋಡ್ತಾರಲ್ಲ" ಎಂದಳು. ನಮ್ಮ ಕಡೆ ತಿರುಗಿ, "ಹೇಳ್ರಪ್ಪ, ನಿಮ್ಮ ಮೇಷ್ಟ್ರು ಹ್ಯಾಗೆ?"

ವರನನ್ನು ಹಿತ್ತಿಲಲ್ಲೇ ಬಿಟ್ಟು ನಮ್ಮನ್ನು ನಡುಮನೆಯಲ್ಲಿ ಕೂರಿಸಿ ವಿಚಾರಣೆ ನಡೆಯಿತು. ನಾನು ಸಾಂಬಾರಿನ ಬಗ್ಗೆ ಸತ್ಯವನ್ನೇ ಹೇಳಿದೆ. ಬಂದಳಿಕೆಯ ಬಿಸಿಲಿನ ಬಗ್ಗೆ ಹೇಳಿದೆ. ನಮ್ಮ ಮಾತು ಮುಗಿಯುವವರೆಗೆ ಅವರು ಬಾಯಿ ಹಾಕುವುದಿಲ್ಲವೆಂದೂ, ತಪ್ಪಿದ್ದರೆ ನಗದೆ ತಿದ್ದುತ್ತಾರೆಂದೂ ಹೇಳಿದೆ. ಗಿರಿಜಾ ನಗು ನಿಲ್ಲಿಸಿ ಕೇಳುತ್ತಿದ್ದಳು.

"ನಂಗೆ ಇನ್ನೂ ಓದಬೇಕು ಅಂತ ಇದೆ. ಎಂ.ಎಸ್ಸಿ. ಮದುವೆ ಆದಮೇಲೆ ಬಿಡ್ತಾರಾ?"

ಬಸವರಾಜ ಟವೆಲ್ಲನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. "ನಾವು ಬ್ಯಾಡ ಅಂದ್ರೂ ಬಿಡದೆ ಓದಿಸ್ತಾರ್ರೀ. ನಿಮ್ಮನ್ನ ಓದಿಸದೆ ಇರ್ತಾರಾ? ಎಲ್ಲಿ ಸೀಟು ಸಿಗ್ತತೋ ಅಲ್ಲಿಗೆ ಕಳಿಸ್ತಾರೆ. ಹಿರಿಯರಾಗಿ ನಾವು ಮಾತು ಕೊಡ್ತೀವಿ."

ಮಹಾಲಿಂಗಪ್ಪನವರ ಮುಖದಲ್ಲಿ ಆ ದಿನದ ಮೊದಲ ನಗೆ ಕಾಣಿಸಿತು. ಮದುವೆ ಸೊರಬದಲ್ಲಿಯೇ ನಡೆಯಿತು. ಸೋದರಮಾವ ಮತ್ತೆ ಬಂದರು, ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ನಮ್ಮ ತಂತ್ರ ಫಲಿಸಿತೆಂದು ನಾವು ಒಂದು ಬೇಸಗೆಯೆಲ್ಲ ಬೀಗಿದೆವು. ಎದುರುಮನೆಯಿಂದ ಈಗ ಒಳ್ಳೆಯ ಒಗ್ಗರಣೆಯ ವಾಸನೆ ಬರುತ್ತಿತ್ತು, ಗಿರಿಜಕ್ಕ ನಮ್ಮನ್ನು ಊಟಕ್ಕೆ ಕರೆಯುತ್ತಿದ್ದಳು. ಆಮೇಲೆ ಒಂದೇ ವಾರದಲ್ಲಿ ಎರಡು ಸುದ್ದಿ ಬಂದವು. ಗಿರಿಜಕ್ಕನಿಗೆ ಎಂ.ಎಸ್ಸಿ. ಸೀಟು ಸಿಕ್ಕಿತು, ಮೈಸೂರಿನಲ್ಲಿ. ಮೇಷ್ಟ್ರು ಎಂದೋ ಕೇಳಿದ್ದ ವರ್ಗಾವಣೆಯೂ ಬಂತು, ಅದೂ ಮೈಸೂರಿಗೆ. ಅವರನ್ನು ಇಲ್ಲಿ ಕಟ್ಟಿಹಾಕಲು ಸೊರಬದಲ್ಲಿ ಹುಡುಕಿದ ಹಗ್ಗವೇ ಅವರನ್ನು ಅತ್ತ ಎಳೆಯುತ್ತಿತ್ತು.

ಮೇಷ್ಟ್ರು ನಮ್ಮಿಬ್ಬರನ್ನೂ ಮನೆಗೆ ಕರೆದರು. ಗಿರಿಜಕ್ಕ ಬಾಗಿಲ ಬಳಿ ನಿಂತಿದ್ದಳು.

"ನಿಮ್ಮದು ಕೊನೇ ವರ್ಷ. ವರ್ಗಾವಣೆ ಬೇಡ ಅಂತ ಬರೆದುಕೊಟ್ಟರೆ ರದ್ದಾಗುತ್ತೆ. ಗಿರಿಜಾ ಬರೋ ವರ್ಷ ಮತ್ತೆ ಅರ್ಜಿ ಹಾಕ್ತೀನಿ ಅಂತಾಳೆ. ಇಬ್ಬರೂ ಯೋಚನೆ ಮಾಡಿ ಹೇಳಿ" ಎಂದರು.

ನಾವು ಬಯಸಿದ್ದು ಅಕ್ಷರಶಃ ನಮ್ಮ ಕೈಗೇ ಬಂದಿತ್ತು. 'ಇರಿ ಸಾರ್' ಎನ್ನುವ ಎರಡು ಮಾತು ನನ್ನ ನಾಲಿಗೆಯ ತುದಿಯಲ್ಲಿದ್ದವು. ಬಸವರಾಜ ನೆಲ ನೋಡುತ್ತಿದ್ದ. ಆಮೇಲೆ ತಲೆಯೆತ್ತಿ, "ಹೋಗಿ ಸಾರ್" ಎಂದ. "ಅಕ್ಕಗೆ ಮಾತು ಕೊಟ್ಟೋರು ನಾವು. ನೀವು ಇಲ್ಲೇ ಉಳುದ್ರೆ, ಅವತ್ತು ನಾವು ಬರೇ ಪಂಚೆ ಉಟ್ಕೊಂಡು ಬಂದಿದ್ವಿ ಅಂತ ಆಗ್ತತಿ." ನಾನು ತಲೆಯಾಡಿಸಿದೆ, ಬಾಯಿ ತೆರೆದಿದ್ದರೆ ಬೇರೆ ಮಾತು ಹೊರಬೀಳುವ ಅಪಾಯವಿತ್ತು. ಮೇಷ್ಟ್ರು ನಮ್ಮ ನಡುವೆ ಬಂದು, ಇಬ್ಬರ ಬೆನ್ನ ಮೇಲೂ ಒಂದೊಂದು ಕೈಯಿಟ್ಟು ಕೂತರು.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಟ್ರಂಕು, ಚಾಪೆ, ಪಾತ್ರೆಯ ಚೀಲಗಳನ್ನೆಲ್ಲ ಬಸ್ಸಿನ ಮೇಲೆ ಹಾಕಿ ಇಳಿದೆವು. ಗಿರಿಜಕ್ಕ ಸೆರಗು ಸರಿಮಾಡಿಕೊಂಡು, "ಇವರ ಕಡೆ ಹಿರಿಯರಿಗೆ ನಮಸ್ಕಾರ ಮಾಡದೆ ಹ್ಯಾಗೆ ಹೋಗೋದು?" ಎನ್ನುತ್ತ ನಿಜವಾಗಿಯೂ ಬಗ್ಗಿದಳು. ಬಸವರಾಜ ಹೌಹಾರಿ ಹಿಂದೆ ಹಾರಿ ಬಾಳೆಹಣ್ಣಿನ ಬುಟ್ಟಿಯ ಮೇಲೆ ಬಿದ್ದ. ನನಗೆ ಓಡಲು ಜಾಗವಿರಲಿಲ್ಲ. ಆಶೀರ್ವಾದ ಮಾಡಬೇಕು, ಆದರೆ ಯಾವ ಆಶೀರ್ವಾದವೂ ಬಾಯಿಗೆ ಬರುತ್ತಿಲ್ಲ. ಕೊನೆಗೆ, ಪ್ರತಿ ಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ನಮಗೆ ಹೇಳಿ ಕಳಿಸುತ್ತಿದ್ದ ಮಾತನ್ನೇ ಹೇಳಿಬಿಟ್ಟೆ: "ಮೊದ್ಲು ಪ್ರಶ್ನೆ ಪೂರ್ತಿ ಓದ್ಕೋ ಅಕ್ಕ, ಆಮೇಲೆ ಬರಿ."

ಮೇಷ್ಟ್ರು ಜೋರಾಗಿ ನಕ್ಕರು. ನಗುತ್ತಲೇ ಬಸ್ಸು ಹತ್ತಿದರು, ಕಿಟಕಿಯ ಪಕ್ಕ ಕೂತವರು ಮಾತ್ರ ನಮ್ಮ ಕಡೆ ನೋಡಲಿಲ್ಲ, ಎದುರಿನ ಸೀಟಿನ ಕಂಬಿಯನ್ನು ಹಿಡಿದು ಅದನ್ನೇ ನೋಡುತ್ತಿದ್ದರು. ಆ ವರ್ಷದ ಇತಿಹಾಸದ ಪರೀಕ್ಷೆಗೆ ನಾವಿಬ್ಬರೂ ಒಬ್ಬರಿಗೊಬ್ಬರು ಆ ಮಾತು ಹೇಳಿಕೊಂಡು ಒಳಗೆ ಹೋದೆವು; ಹೇಳುವ ಹಿರಿಯರು ಬೇರೆ ಯಾರೂ ಇರಲಿಲ್ಲ.